ಸರಕ್ಕೊಂದು ಪಿನ್ನು

ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬೇಲೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಅಜ್ಜಿ ಮಾಂಗಲ್ಯದ ಸರವನ್ನು ರವಿಕೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಒಂದಲ್ಲ, ಎರಡು ಪಿನ್ನು. ಒಂದಕ್ಕೆ ತುಕ್ಕು ಹಿಡಿದಿತ್ತು. ಮೇಲೆ ಸೆರಗು ಬಿಗಿಯಾಗಿ ಸುತ್ತಿದರು.

"ಬೈಕಿನವರು ಬರ್ತಾರಲ್ಲಮ್ಮ."

2024ರ ಜುಲೈಯಿಂದ ಸರ ಕಿತ್ತು ಓಡುವುದಕ್ಕೇ ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಸೆಕ್ಷನ್ ಬಂದಿದೆ, 304. ಮೂರು ವರ್ಷದವರೆಗೆ ಜೈಲು. ಪಿನ್ನು ಮಾತ್ರ ಹಾಗೇ ಇದೆ.

ನಮ್ಮ ದೇಶದ ಜೈಲುಗಳಲ್ಲಿ ನೂರು ಜನರಿದ್ದರೆ ಹೆಂಗಸರು ಸುಮಾರು 4 ಮಂದಿ, ಅಷ್ಟೇ. ಆದರೂ ಹುಷಾರಾಗಿರುವ ಕೆಲಸವೆಲ್ಲ ನಮ್ಮ ಪಾಲಿಗೇ! ಕತ್ತಲಾಗುವ ಮೊದಲು ಮನೆ ಸೇರು, ಒಬ್ಬಳೇ ಆಟೋ ಹತ್ತಬೇಡ.

ವಿಚಿತ್ರ ಅಂದ್ರೆ, ಕೊಲೆಯಾಗುವವರಲ್ಲೂ ಗಂಡಸರೇ ಜಾಸ್ತಿ. ಹುಡುಗನಿಗೆ ಯಾರಾದರೂ "ರಾತ್ರಿ ಒಬ್ಬನೇ ಹೋಗಬೇಡ ಮಗಾ" ಅಂತಾರಾ? ಅಂದರೆ ಅವನಿಗೇ ಅವಮಾನ, ಅಲ್ವಾ?