ಸ್ಪರ್ಧೆಗೂ ಸೊಂಟಕ್ಕೂ ಒಂದೇ ಪಿಸ್ತೂಲು ಸಾಲದೇ?

ನಾನು ಸೇನೆಯಲ್ಲಿ ಶಸ್ತ್ರ ಕಲಿಸುವ ಹವಾಲ್ದಾರನಾಗಿದ್ದೆ ಎಂಬುದು ಊರಲ್ಲಿ ಎಲ್ಲರಿಗೂ ಗೊತ್ತುಂಟು. ಹಾಗಾಗಿ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕ ಪೇಟೆಗೆ ಸಾಮಾನು ತರಲು ಹೋದಾಗ, ಮದುವೆ ಮನೆಯ ಊಟದ ಸಾಲಿನಲ್ಲಿ, ಒಮ್ಮೆ ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ನೋಡಲು ನಿಂತಿದ್ದಾಗಲೂ ನನಗೆ ಎದುರಾದ ಪ್ರಶ್ನೆ ಇದು: "ಹವಾಲ್ದಾರ್ರೆ, ಲೈಸೆನ್ಸ್ ಸಿಕ್ಕಿದರೆ ಯಾವ ಪಿಸ್ತೂಲು ತೆಗೆಯುವುದು? ದಿನಾ ಸೊಂಟದಲ್ಲಿ ಇಟ್ಟುಕೊಳ್ಳಲಿಕ್ಕೂ ಆಗಬೇಕು, ಸ್ಪರ್ಧೆಗೂ ಆಗಬೇಕು."

ಕೇಳುವವರಲ್ಲಿ ಅಡಿಕೆ ವ್ಯಾಪಾರದ ದುಡ್ಡು ಹಿಡಿದು ಸಂಜೆ ಮನೆಗೆ ಮರಳುವವರಿದ್ದಾರೆ. ಓಡುತ್ತ ಓಡುತ್ತ ಗುರಿ ಹೊಡೆಯುವ ಪ್ರಾಕ್ಟಿಕಲ್ ಶೂಟಿಂಗ್ ಆಟವನ್ನು ಮೊಬೈಲಿನಲ್ಲಿ ನೋಡಿ ಮನಸ್ಸು ಕೊಟ್ಟ ಹುಡುಗರಿದ್ದಾರೆ. ಇಬ್ಬರಿಗೂ ನನ್ನ ಉತ್ತರ ಒಂದೇ. ಎರಡಕ್ಕೂ ಒಂದೇ ಆಯುಧ ಆಗುವುದಿಲ್ಲ.

ನಮ್ಮ ತೋಟದ ಲೆಕ್ಕದಲ್ಲೇ ಹೇಳುತ್ತೇನೆ. ಅಡಿಕೆ ಕೊಯ್ಯಲು ದೋಟಿ ಉಂಟು, ಸೊಂಟದ ಕೊಕ್ಕೆಯಲ್ಲಿ ಕತ್ತಿಯೂ ಉಂಟು. ಎರಡಕ್ಕೂ ಅಲಗಿದೆ. ದೋಟಿಯನ್ನು ಬೆಳಗ್ಗಿನಿಂದ ಸಂಜೆಯವರೆಗೆ ಹೊತ್ತು ತಿರುಗುವವರಿಲ್ಲ, ಕೊಕ್ಕೆಯ ಕತ್ತಿಯಿಂದ ಮರದ ತುದಿಯ ಗೊನೆ ಇಳಿಸುವವರೂ ಇಲ್ಲ. ಒಂದು ಕೆಲಸದ ಹೊತ್ತಿನಲ್ಲಿ ಮಾತ್ರ ಕೈಗೆ ಬರುತ್ತದೆ, ಇನ್ನೊಂದು ಇಡೀ ದಿನ ಮೈಗೆ ಅಂಟಿಕೊಂಡಿರುತ್ತದೆ.

ಇದನ್ನು ನಾನು ಕಣ್ಣಾರೆ ಕಂಡದ್ದು ಸೇನೆಯಲ್ಲಿ ಅಲ್ಲ. ಅಲ್ಲಿ ನಮಗಿದ್ದದ್ದು ಇಷಾಪುರ ಕಾರ್ಖಾನೆಯ 9 ಎಂ.ಎಂ. ಪಿಸ್ತೂಲು, ಗುಂಡು ತುಂಬುವ ಪೆಟ್ಟಿಗೆ, ಅಂದರೆ ಮ್ಯಾಗಜಿನ್, 13 ಗುಂಡಿನದು. ಎಲ್ಲರಿಗೂ ಅದೇ ಆದ್ದರಿಂದ ಆಯ್ಕೆಯ ಮಾತೇ ಬರುತ್ತಿರಲಿಲ್ಲ. ನಿವೃತ್ತಿಯ ಮೇಲೆ ಕೆಲವು ವರ್ಷ ಗಲ್ಫ್‌ನಲ್ಲಿ ಕಾವಲು ಕೆಲಸಕ್ಕಿದ್ದೆ. ಜತೆಗೆ ಫಿಲಿಪ್ಪೀನ್ಸ್‌ನ ಒಬ್ಬ ಗೆಳೆಯನಿದ್ದ. ಒಮ್ಮೆ ರಜೆಯಲ್ಲಿ ಅವನ ಊರು ಮರಿಕಿನಾಕ್ಕೆ ಕರೆದೊಯ್ದ. ಮನಿಲಾಕ್ಕೆ ತಾಗಿದ ಊರು, ಪಿಸ್ತೂಲು ಮಾಡುವ ಆರ್ಮ್‌ಸ್ಕೋರ್ ಕಾರ್ಖಾನೆ ಅಲ್ಲೇ ಇದೆ. ಆ ದೇಶದಲ್ಲಿ ಪ್ರಾಕ್ಟಿಕಲ್ ಶೂಟಿಂಗ್ ಆಟಕ್ಕೆ ಬಹಳ ಅಭಿಮಾನಿಗಳು.

ರಾತ್ರಿ ಊಟವಾದ ಮೇಲೆ ಅವನು ಮೇಜಿಗೆ ಟವೆಲು ಹಾಸಿ ತನ್ನ ಎರಡು ಪಿಸ್ತೂಲುಗಳನ್ನು, ಖಾಲಿ ಇವೆ ಎಂದು ನನಗೂ ತೋರಿಸಿದ ಮೇಲೆ, ಪಕ್ಕಪಕ್ಕದಲ್ಲಿಟ್ಟ. ಸ್ಪರ್ಧೆಯದ್ದು ಕೈಯಲ್ಲಿ ಹಿಡಿದರೆ ಕಬ್ಬಿಣದ ಗುಂಡಿನಂತೆ ಭಾರ. ಹಿಡಿಯ ಕೆಳಗೆ ಮ್ಯಾಗಜಿನ್ ತೂರಿಸುವ ಬಾಯಿ ಲಾಳಿಕೆಯಂತೆ ಅಗಲ, ಓಡುವಾಗ ನೋಡದೆ ತುಂಬಿಸಲಿಕ್ಕೆ. ಹಿಡಿಗೆ ಮರಳು ಕಾಗದದಂಥ ಪಟ್ಟಿ. ಮುಂದಿನ ಗುರಿಗಣ್ಣಿನಲ್ಲಿ ಕೆಂಪು ಚುಕ್ಕೆ ಹೊಳೆಯುತ್ತಿತ್ತು. ಟ್ರಿಗರ್ ಮೇಲೆ ಬೆರಳಿಟ್ಟದ್ದೇ ತಡ, ಟಕ್ ಎಂದಿತು. ಮತ್ತೊಂದು ಚಿಕ್ಕದು, ಅಂಚುಗಳೆಲ್ಲ ಉರುಟು. ಸೊಂಟದ ಒರೆಯಾದ ಹೋಲ್ಸ್ಟರ್‌ಗೆ ಉಜ್ಜಿ ಉಜ್ಜಿ ಮೂಲೆಗಳಲ್ಲಿ ಕಪ್ಪು ಬಣ್ಣ ಹೋಗಿ ಬೆಳ್ಳಗಾಗಿತ್ತು. ಗುರಿಗಣ್ಣಿನ ಸಂದಿಯಲ್ಲಿ ಅಂಗಿಯ ನೂಲು ಸೇರಿಕೊಂಡಿತ್ತು. ಟ್ರಿಗರ್ ಬಿಗಿ, ಮನಸ್ಸಿಟ್ಟು ಎಳೆಯದೆ ಬಾರದು. ದೊಡ್ಡದರಲ್ಲಿ ವರ್ಷಕ್ಕೆ ಸಾವಿರಾರು ಗುಂಡು ಹಾರಿಸುತ್ತೇನೆ, ಚಿಕ್ಕದನ್ನು ದಿನಾ ಹೊರುತ್ತೇನೆ, ಇಷ್ಟು ವರ್ಷದಲ್ಲಿ ಗುರಿ ಹೊಡೆಯುವ ರೇಂಜಿನ ಹೊರಗೆ ಒಮ್ಮೆಯೂ ತೆಗೆಯಬೇಕಾಗಿ ಬರಲಿಲ್ಲ ಎಂದ. ಹೊರಲು ಅಲ್ಲಿ ಬೇರೆಯೇ ಪರವಾನಗಿ ಬೇಕು. ಚುನಾವಣೆ ಬಂದರೆ ಅದೂ ನಿಲ್ಲುತ್ತದೆ. ಚುನಾವಣೆಗೆ ಕೋವಿ ಠಾಣೆಗೆ ಒಪ್ಪಿಸಿ ಗೊತ್ತಿರುವ ನಮ್ಮ ಕೃಷಿಕರಿಗೆ ಇದು ಹೊಸತಲ್ಲ.

ಈ ಆಟ ಹುಟ್ಟಿದ್ದೇ ಸೊಂಟದ ಪಿಸ್ತೂಲಿನ ಅಭ್ಯಾಸಕ್ಕಾಗಿ. 1976ರಲ್ಲಿ ಅಮೆರಿಕದ ಕೊಲಂಬಿಯಾ ಎಂಬಲ್ಲಿ ಪಿಸ್ತೂಲು ಕಲಿಸುತ್ತಿದ್ದ ಜೆಫ್ ಕೂಪರ್ ಮೊದಲ ಅಧ್ಯಕ್ಷನಾಗಿ ಈ ಆಟದ ಅಂತಾರಾಷ್ಟ್ರೀಯ ಐಪಿಎಸ್‌ಸಿ ಸಂಸ್ಥೆ ಆರಂಭವಾಯಿತು. ನಿಖರತೆ, ಬಲ, ವೇಗ, ಈ ಮೂರೂ ಸಮ ಇರಬೇಕು ಎಂಬುದು ಅವರ ಧ್ಯೇಯ. ದಿನಾ ಹೊರುವ ಆಯುಧವನ್ನೇ ತಂದು ಆಡಲಿ ಎಂಬ ಯೋಚನೆ ಇತ್ತು. ಆದರೆ ಗೆಲ್ಲಬೇಕೆಂಬ ಹಟ ಬಂದಲ್ಲಿ ಸಲಕರಣೆ ಬದಲಾಗದೆ ಇರುವುದಿಲ್ಲ. ತೂಕ ಏರಿತು, ಟ್ರಿಗರ್ ಹಗುರಾಯಿತು, ಹೋಲ್ಸ್ಟರ್ ಬೆಲ್ಟಿನಿಂದ ಹೊರಗೆ ಬಂದು ನಿಂತಿತು. ಕೊನೆಗೆ ಸಂಸ್ಥೆಯೇ ಆಯುಧಗಳನ್ನು ವಿಭಾಗ ಮಾಡಬೇಕಾಯಿತು. ಒಂದೇ ಪಿಸ್ತೂಲು ಎರಡಕ್ಕೂ ಆಗುತ್ತದೆಯೇ ಎಂಬುದಕ್ಕೆ ಆ ಆಟದ ಚರಿತ್ರೆಯೇ ಉತ್ತರ ಎಂದು ನಾನು ತಿಳಿಯುತ್ತೇನೆ.

ತೂಕ ಯಾಕೆ ಏರಿತು ಎಂಬುದು ಅಂಕದ ಲೆಕ್ಕದಲ್ಲಿದೆ. ಗಳಿಸಿದ ಅಂಕವನ್ನು ಹಿಡಿದ ಸೆಕೆಂಡುಗಳಿಂದ ಭಾಗಿಸುತ್ತಾರೆ. 12 ಗುಂಡು ಎಲ್ಲವೂ ನಡುವಿನ 'ಎ' ಜಾಗಕ್ಕೆ ಬಿದ್ದರೆ 60 ಅಂಕ. 10 ಸೆಕೆಂಡು ಹಿಡಿದರೆ ಫಲ 6. ಇನ್ನೊಬ್ಬ ಎರಡು ಗುಂಡನ್ನು ಹೊರಗಿನ 'ಸಿ'ಗೆ ಹಾಕಿ 56 ಅಂಕ ಪಡೆದು 8 ಸೆಕೆಂಡಿಗೆ ಮುಗಿಸಿದರೆ ಫಲ 7. ಅವನು ಗೆದ್ದ. ಹಾಗಾಗಿ ಗುಂಡು ಹಾರಿದ ಮೇಲೆ ಮೂತಿ ಮೇಲಕ್ಕೆ ಎಗರದೆ ಗುರಿಯಲ್ಲೇ ನಿಲ್ಲುವ ಭಾರದ ಪಿಸ್ತೂಲು ಬೇಕು. ಆ ಆಟದಲ್ಲಿ ಬಹಳ ಬಳಕೆಯಲ್ಲಿರುವ ಸಿಝಡ್ ಶ್ಯಾಡೊ 2 ಖಾಲಿಯೇ ಸುಮಾರು 1.3 ಕಿಲೋ. ಅದನ್ನು ಉಟ್ಟ ಮುಂಡಿಗೆ ಸಿಕ್ಕಿಸಿ ಬದಿಯಡ್ಕದಿಂದ ಪೆರ್ಲದವರೆಗೆ ಬಸ್ಸಲ್ಲಿ ಕೂತು ಹೋಗುವುದನ್ನು ಯೋಚಿಸಿ. ಒಂದು ವಾರದೊಳಗೆ ಅದು ಕಪಾಟು ಸೇರುತ್ತದೆ.

ಇನ್ನು ನಮ್ಮ ಕಾನೂನು. ಇಲ್ಲಿ 9 ಎಂ.ಎಂ. ನಿಷೇಧಿತ ಬೋರ್ (ಕೊಳವೆಯ ಒಳ ಅಗಲ). ಸಾಮಾನ್ಯನಿಗೆ ಹೆಚ್ಚಾಗಿ ಸಿಗುವುದು ಅದಕ್ಕಿಂತ ಚಿಕ್ಕದಾದ .32. ಐಪಿಎಸ್‌ಸಿ ಆಟದಲ್ಲಿ 9 ಎಂ.ಎಂ.ಗಿಂತ ಚಿಕ್ಕದಕ್ಕೆ ಪ್ರವೇಶವಿಲ್ಲ. ಬಲದ ಅಳತೆಯೂ ಉಂಟು: ಗುಂಡಿನ ತೂಕವನ್ನು ಸಣ್ಣ ತೂಕದ ಅಳತೆಯಾದ ಗ್ರೇನ್‌ನಲ್ಲಿ, ವೇಗವನ್ನು ಸೆಕೆಂಡಿಗೆ ಅಡಿಯಲ್ಲಿ ತೆಗೆದುಕೊಂಡು ಗುಣಿಸಿ ಸಾವಿರದಿಂದ ಭಾಗಿಸಿದರೆ ಕನಿಷ್ಠ 125 ಬರಬೇಕು. 124 ಗ್ರೇನಿನ 9 ಎಂ.ಎಂ. ಗುಂಡು 1050 ಅಡಿ ವೇಗದಲ್ಲಿ ಹೋದರೆ 130. 71 ಗ್ರೇನಿನ .32 ಗುಂಡು 900 ಅಡಿಯಲ್ಲಿ ಹೋದರೆ ಬರೀ 64, ಅರ್ಧದ ಹತ್ತಿರ. ಎಷ್ಟೇ ದುಡ್ಡು ಕೊಟ್ಟು .32 ತೆಗೆದರೂ ನೀವು ಮೊಬೈಲಿನಲ್ಲಿ ನೋಡಿದ ಆಟಕ್ಕೆ ಅದು ನಡೆಯುವುದಿಲ್ಲ. ಇದನ್ನು ಮೊದಲೇ ತಿಳಿಯದೆ ಲೈಸೆನ್ಸಿಗಾಗಿ ಓಡಾಡಿದ ಹುಡುಗರ ಮುಖ ನೋಡಿದರೆ ಸಂಕಟವಾಗುತ್ತದೆ.

ಹೊರಲಿಕ್ಕೇ ಬೇಕೆನ್ನುವವರಿಗೆ ನಾನು ರಿವಾಲ್ವರ್ ಹೇಳುತ್ತೇನೆ. ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ 2014ರಲ್ಲಿ ಬಂದ ನಿರ್ಭೀಕ್ ಸುಮಾರು ಅರ್ಧ ಕಿಲೋ. 2023ರ ಪ್ರಬಲ್ 700 ಗ್ರಾಂ, ಅದರ ಗುಂಡಿನ ಉರುಳೆ ಬದಿಗೆ ತೆರೆಯುತ್ತದೆ. ಎರಡೂ .32. ಪಿಸ್ತೂಲಿನಲ್ಲಿ ಮ್ಯಾಗಜಿನ್ ತೆಗೆದ ಮೇಲೂ ಒಂದು ಗುಂಡು ಕೊಳವೆಯಲ್ಲಿ ಉಳಿದಿರಬಹುದು. ಎಷ್ಟೋ ಅನಾಹುತ ಆಗುವುದು ಅಲ್ಲೇ. ರಿವಾಲ್ವರಿನ ಉರುಳೆ ತೆರೆದರೆ ಎಲ್ಲ ಕಣ್ಣೆದುರು. ಬಿಗಿ ಟ್ರಿಗರ್ ಇಲ್ಲಿ ದೋಷವಲ್ಲ, ಗುಣ.

ನಮ್ಮ ಹವೆಯನ್ನೂ ಮರೆಯಬೇಡಿ. ಪರಿಚಯದ ಒಬ್ಬ ವ್ಯಾಪಾರಿ ಒಂಬತ್ತು ವರ್ಷ ಹಿಂದೆ ತೆಗೆದ ಪಿಸ್ತೂಲನ್ನು "ಒಮ್ಮೆ ನೋಡಿ ಹವಾಲ್ದಾರ್ರೆ" ಎಂದು ಕಪಾಟಿನಿಂದ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಚಿನ್ನದ ಡಬ್ಬಿಯ ಪಕ್ಕ ಇಟ್ಟಿದ್ದರು. ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದಕ್ಕೆ ಎಳೆದರೆ ಕದಲಲಿಲ್ಲ. ತುಕ್ಕು ಹಿಡಿಯಬಾರದೆಂದು ಅವರು ತೆಂಗಿನೆಣ್ಣೆ ಹಚ್ಚಿದ್ದರು. ಅದು ಒಳಗೆ ಕಂದು ಅಂಟಾಗಿ ಕೂತಿತ್ತು. ಮ್ಯಾಗಜಿನ್ ತೆಗೆದಾಗ ತೋಟೆಗಳ ಹಿತ್ತಾಳೆಯ ಮೇಲೆಲ್ಲ ಹಸಿರು ಕಿಲುಬು. ಒಂಬತ್ತು ವರ್ಷವೂ ಇದು ನನ್ನನ್ನು ಕಾಯುತ್ತದೆ ಎಂದು ನಂಬಿ ಅವರು ಮಲಗಿದ್ದರು. ಕೋವಿಯ ಎಣ್ಣೆಯನ್ನೇ ಹಚ್ಚಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸಿ. ತೋಟೆ ಹಳತಾದರೆ ಬದಲಿಸಿ. ವರ್ಷಕ್ಕೆ ಕೆಲವು ಸಲವಾದರೂ ರೇಂಜಿಗೆ ಹೋಗಿ ಈಡು ಬಿಡಿ. ಇಷ್ಟಕ್ಕೆ ಪುರುಸೊತ್ತಿಲ್ಲದವರು ತೆಗೆಯಲೇಬೇಡಿ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ತೊಡಕುಂಟು. ನಮ್ಮ ಆಸ್ಪತ್ರೆ, ಕಾಲೇಜು, ಅಡಿಕೆ ಮಾರುಕಟ್ಟೆ ಎಲ್ಲ ಮಂಗಳೂರು. ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಎಂದು ಬರೆದಿರುತ್ತದೆ. ಕೇರಳಕ್ಕೆ ಮಾತ್ರ ಎಂದಿದ್ದರೆ ತಲಪಾಡಿ ಗಡಿ ದಾಟಿದ ಕ್ಷಣ ನೀವು ಅಪರಾಧಿ. ಸಾರ್ವಜನಿಕ ಜಾಗದಲ್ಲಿ ಅದು ಹೋಲ್ಸ್ಟರಿನಲ್ಲಿ ಪೂರ್ತಿ ಮುಚ್ಚಿರಬೇಕು. ಮದುವೆ ಮನೆಯಲ್ಲಿ ಸಂತೋಷಕ್ಕೆ ಗುಂಡು ಹಾರಿಸಿದರೆ ಶಸ್ತ್ರ ಕಾಯ್ದೆಯ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಅಡಿಕೆ ದುಡ್ಡಿನ ಭಯ ಇರುವವರಿಗೆ ನಾನು ಹೇಳುವುದು ಬ್ಯಾಂಕಿನ ಮೂಲಕ ವ್ಯವಹಾರ ಮಾಡಿ ಎಂದೇ. ಹತ್ತರಲ್ಲಿ ಒಂಬತ್ತು ಜನರಿಗೆ ಆಯುಧ ಬೇಕಾಗುವುದಿಲ್ಲ. ಇದನ್ನು ಆಯುಧದ ಜತೆಯಲ್ಲೇ ಬಾಳಿದವನಾಗಿ ಹೇಳುತ್ತಿದ್ದೇನೆ.

ಆಟದ ಆಸೆಯವರಿಗೆ ದಾರಿ ಉಂಟು, ಅದೂ ಲೈಸೆನ್ಸ್ ಇಲ್ಲದೆ. 0.177 ಇಂಚು ಬೋರಿನ, ಶಕ್ತಿ 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಪರವಾನಗಿ ಬೇಡ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದು 10 ಮೀಟರಿನ ಏರ್ ಪಿಸ್ತೂಲಿನಲ್ಲೇ. ಅದರಲ್ಲಿ ಕೈ ನಿಂತ ಮೇಲೆ .22 ಬೋರಿನ ಪಿಸ್ತೂಲು, ಆಮೇಲೆ ಉಳಿದದ್ದು.

ನೀರ್ಚಾಲಿನ ಕಡೆಯ ಒಬ್ಬ ಕಾಲೇಜು ಹುಡುಗ ಇದೇ ಪ್ರಶ್ನೆ ಹಿಡಿದು ಬಂದವನು, ಈಗ ಭಾನುವಾರ ಬೆಳಗ್ಗೆ ನಮ್ಮ ಅಂಗಳಕ್ಕೆ ಬರುತ್ತಾನೆ. ಗುಂಡು (ಪೆಲೆಟ್) ಹಾಕದೆ ಏರ್ ಪಿಸ್ತೂಲು ಹಿಡಿದು ನಿಲ್ಲುತ್ತಾನೆ. ನಾನು ಕೊಳವೆಯ ತುದಿಯ ಮೇಲೆ ತೋಟೆಯ ಒಂದು ಖಾಲಿ ಕವಚ (ಖೋಖಾ) ನಿಲ್ಲಿಸುತ್ತೇನೆ. ಅದು ಬೀಳದಂತೆ ಟ್ರಿಗರ್ ಎಳೆಯಬೇಕು. ಮೊದಲ ವಾರ ಹತ್ತಕ್ಕೆ ಹತ್ತೂ ಬಿತ್ತು. ಕಳೆದ ಭಾನುವಾರ ಏಳು ಸಲ ನಿಂತಿತು. ಯಾವ ಪಿಸ್ತೂಲು ತೆಗೆಯುವುದೆಂದು ಅವನು ಕೇಳದೆ ಎರಡು ತಿಂಗಳಾಯಿತು.