ಹದಿಮೂರು ತಿಂಗಳ ದೇಶದ ಗೆಳೆಯ

ನಮ್ಮ ಬಿ.ಎ. ಕ್ಲಾಸಿನ ಹಾಜರಿ ಪುಸ್ತಕಗಳಲ್ಲಿ ಅವನ ಹೆಸರು ಮೂರು ಥರ ಇತ್ತು. ಒಬ್ಬ ಮೇಷ್ಟ್ರು ಅವನ ಹೆಸರು ಹಿಡಿದೇ ಕೂಗುತ್ತಿದ್ದರು. ಇನ್ನೊಬ್ಬರು ಅವರಪ್ಪನ ಹೆಸರು ಹಿಡಿದು, ಮತ್ತೊಬ್ಬರು ಅಜ್ಜನ ಹೆಸರು ಹಿಡಿದು. ಮೂರಕ್ಕೂ ಅವನು ‘ಯೆಸ್ ಸರ್’ ಅನ್ನುತ್ತಿದ್ದ. ಹಿಂದಿನ ಬೆಂಚಿನವರಿಗೆ ಭಾರೀ ಮಜಾ.

ಅವನು ಇಥಿಯೋಪಿಯಾದವನು. ವಿದೇಶಿ ವಿದ್ಯಾರ್ಥಿಗಳಿಗೆ ಭಾರತ ಸರ್ಕಾರ ಕೊಡುವ ಐಸಿಸಿಆರ್ ಸ್ಕಾಲರ್‌ಶಿಪ್ ಮೇಲೆ ಇಲ್ಲಿಗೆ ಓದಲು ಬಂದಿದ್ದ. ಅವರಲ್ಲಿ ಮನೆತನದ ಹೆಸರು ಅಂತ ಇಲ್ಲ. ಮಗುವಿಗೊಂದು ಹೆಸರು, ಅದರ ಹಿಂದೆ ಅಪ್ಪನ ಹೆಸರು, ಬೇಕಾದರೆ ಅಜ್ಜನದು. ಮದುವೆಯಾದರೂ ಹೆಂಗಸರ ಹೆಸರು ಬದಲಾಗುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಓಡಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ ಗೊತ್ತಲ್ವಾ? ಬಿಕಿಲಾ ಅನ್ನೋದು ಅವರಪ್ಪ. “ಬಿಕಿಲಾ ಗೆದ್ದ ಅಂತ ಬರೆದರೆ ಓಡಿದ್ದು ಮಗ, ಮೆಡಲ್ ಅಪ್ಪನಿಗೆ” ಎಂದು ನಗುತ್ತಿದ್ದ.

ಇನಿಷಿಯಲ್ ಮೇಲೇ ಬದುಕಿದ ನನಗೆ ಇದು ಬೇಗ ಅರ್ಥವಾಯಿತು. ಒಮ್ಮೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಯಾವುದೋ ಆನ್‌ಲೈನ್ ಅರ್ಜಿ ತುಂಬುತ್ತಿದ್ದೆವು. ಸರ್‌ನೇಮ್ ಕಾಲಂ ಖಾಲಿ ಬಿಟ್ಟರೆ ಅದು ಮುಂದಕ್ಕೇ ಹೋಗದು. ನಾನು ‘ಕೆ’ ಅಂತ ಹಾಕಿದೆ. ಒಂದೇ ಅಕ್ಷರ ಆಗದು ಎಂದು ಕೆಂಪು ಬಣ್ಣ ತೋರಿಸಿತು. ಅವನು ಅಪ್ಪನ ಹೆಸರು ಹಾಕಿದ. ಪಾಸ್‌ಪೋರ್ಟಿಗೆ ತಾಳೆಯಾಗುವುದಿಲ್ಲ ಎಂದಿತು. ನಮ್ಮಿಬ್ಬರ ದೋಸ್ತಿ ಶುರುವಾದದ್ದು ಆ ಕಾಲಂನಲ್ಲೇ.

ಕೆಳಗಿನ ಕಾಲಂ ಹುಟ್ಟಿದ ದಿನಾಂಕದ್ದು. ಅವನು ಮೊಬೈಲ್ ತೆಗೆದು ಏನೋ ಲೆಕ್ಕ ಹಾಕತೊಡಗಿದ. ಸ್ವಂತ ಹುಟ್ಟಿದ ದಿನಕ್ಕೆ ಯಾರಾದರೂ ಲೆಕ್ಕ ಹಾಕುತ್ತಾರಾ! ಆಗ ಅವನು ತನ್ನ ಕ್ಯಾಲೆಂಡರ್ ತೋರಿಸಿದ. ಅದರಲ್ಲಿ ವರ್ಷಕ್ಕೆ 13 ತಿಂಗಳು. ಹನ್ನೆರಡು ತಿಂಗಳಿಗೆ ತಲಾ 30 ದಿನ, 31ರ ರಗಳೆಯೇ ಇಲ್ಲ. ಉಳಿದ ಐದು ದಿನಕ್ಕೆ ಪಾಗುಮೆ ಅಂತ ಒಂದು ಪುಟಾಣಿ ತಿಂಗಳು. ನಾಲ್ಕು ವರ್ಷಕ್ಕೊಮ್ಮೆ ಅದಕ್ಕೆ ಆರು ದಿನ. ಅವರ ಹೊಸ ವರ್ಷ ಬರುವುದು ನಮ್ಮ ಸೆಪ್ಟೆಂಬರ್ 11ಕ್ಕೆ, ಕೆಲವು ವರ್ಷ 12ಕ್ಕೆ. ಕ್ರಿಸ್ತ ಹುಟ್ಟಿದ ವರ್ಷದ ಲೆಕ್ಕವೇ ಅವರ ಚರ್ಚಿನಲ್ಲಿ ಬೇರೆ. ಹಾಗಾಗಿ ನಮಗಿಂತ ಏಳೆಂಟು ವರ್ಷ ಹಿಂದಿದ್ದಾರೆ. ನಾವೆಲ್ಲ 2000 ಆಚರಿಸಿ ಮರೆತ ಮೇಲೆ, 2007ರ ಸೆಪ್ಟೆಂಬರ್ 12ರಂದು ಅವರಿಗೆ 2000 ಬಂತು. “ನಾನು ನಿನಗಿಂತ ಚಿಕ್ಕವನು, ಚಹಾದ ದುಡ್ಡು ನೀನೇ ಕೊಡು” ಅಂತ ಇದನ್ನೇ ಅವನು ಬೇಕಾದಷ್ಟು ಸಲ ಬಳಸಿಕೊಂಡ.

ಗಡಿಯಾರದ ಕಥೆ ಇನ್ನೂ ಚೆಂದ. ಅವರಲ್ಲಿ ದಿನ ಶುರುವಾಗುವುದು ಬೆಳಕು ಹರಿದಾಗ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು ಗಂಟೆ. ನಮ್ಮ ಹತ್ತಕ್ಕೆ ಅವರಿಗೆ ನಾಲ್ಕು. ಸಂಜೆ ಏಳಕ್ಕೆ ಮತ್ತೆ ಒಂದರಿಂದ ಶುರು. ಭೂಮಧ್ಯರೇಖೆಗೆ ಹತ್ತಿರದ ದೇಶ, ವರ್ಷವಿಡೀ ಸೂರ್ಯ ಹುಟ್ಟುವ ಹೊತ್ತು ಹೆಚ್ಚುಕಡಿಮೆ ಒಂದೇ. ಹಾಗಾಗಿ ಲೆಕ್ಕ ಕೆಡುವುದಿಲ್ಲ. ನನಗೆ ಇದು ಮೊದಲು ವಿಚಿತ್ರ ಅನ್ನಿಸಿತು. ಆಮೇಲೆ ನಮ್ಮ ಪಂಚಾಂಗ ನೆನಪಾಯಿತು. ಅಲ್ಲೂ ಘಳಿಗೆ ಎಣಿಸುವುದು ಸೂರ್ಯೋದಯದಿಂದಲೇ. ದಿನಕ್ಕೆ 60 ಘಳಿಗೆ, ಒಂದೊಂದಕ್ಕೆ 24 ನಿಮಿಷ. ಅದನ್ನು ವಿವರಿಸಿದರೆ ಅವನು ಗಂಭೀರವಾಗಿ, “ನಡುರಾತ್ರಿ, ಎಲ್ಲರೂ ಮಲಗಿದ್ದಾಗ ದಿನ ಬದಲಿಸೋದು ಮಾತ್ರ ನನಗೆ ಇವತ್ತಿಗೂ ಕಳ್ಳತನದ ಥರ ಕಾಣುತ್ತೆ” ಅಂದ.

ಅವನ ಲಿಪಿ ನೋಡಿದ್ದು ಲೈಬ್ರರಿಯಲ್ಲಿ. ನನ್ನ ನೋಟ್ ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಸಾಲು ಬರೆದು, ಬೆರಳಿಟ್ಟು ಓದಿದ: ಲೆ, ಲು, ಲಿ, ಲಾ, ಲೇ, ಲ್, ಲೊ. ಅಕ್ಷರದ ಮೈ ಒಂದೇ. ಎಲ್ಲೋ ಒಂದು ಕಾಲು ಉದ್ದ, ಎಲ್ಲೋ ಪಕ್ಕದಲ್ಲಿ ಸಣ್ಣ ಕೊಂಡಿ. ಇದು ನಮ್ಮ ಕಾಗುಣಿತವೇ ಅಲ್ವಾ! ನಾನು ಕೆಳಗೆ ಕನ್ನಡದ ಲ, ಲಾ, ಲಿ, ಲೀ ಬರೆದೆ. ಒಂದು ವ್ಯಂಜನಕ್ಕೆ ಅವರದು ಏಳೇ ರೂಪ. ನಮ್ಮ ಸಾಲು ಮುಗಿಯದೆ ಮುಂದೆ ಹೋಗುವುದನ್ನು ನೋಡಿ, “ಪಾಪ, ನಿಮ್ಮ ಮಕ್ಕಳು” ಅಂದ.

ಎಲ್ಲ ಮಾತೂ ಹೀಗೆ ಸಲೀಸಾಗಿರಲಿಲ್ಲ. ಹೊಸಬರು ಯಾರು ಸಿಕ್ಕರೂ “ನಿಮ್ಮಲ್ಲಿ ಊಟಕ್ಕೆ ಸಿಗುತ್ತಾ?” ಅಂತ ಕೇಳುವವರೇ. 1984ರ ಬರಗಾಲದ ಫೋಟೊಗಳು ಅವನಿಗಿಂತ ಮುಂಚೆಯೇ ಇಲ್ಲಿಗೆ ಬಂದು ಕೂತಿದ್ದವು. ಆಗ ಅವನಿನ್ನೂ ಹುಟ್ಟಿರಲಿಲ್ಲ. ಮೊದಮೊದಲು ವಿವರಿಸುತ್ತಿದ್ದ. ಆಮೇಲೆ “ನಿಮ್ಮೂರಿನ ಹಾವಾಡಿಗರು ಎಲ್ಲಿ ಸಿಗ್ತಾರೆ?” ಎಂದು ಮುಖ ನೋಡುತ್ತಿದ್ದ. ದಾರಿಯಲ್ಲಿ ಬಣ್ಣ ನೋಡಿ ಕೂಗುವವರಿಗೆ ಮಾತ್ರ ಅವನ ಹತ್ತಿರ ಯಾವ ತಮಾಷೆಯೂ ಇರಲಿಲ್ಲ. ನಮ್ಮ ಹತ್ತಿರವೂ ಉತ್ತರ ಇರಲಿಲ್ಲ.

ನಮ್ಮ ದೊಡ್ಡ ಜಗಳ ಚರಿತ್ರೆಯದ್ದು. 1896ರ ಮಾರ್ಚ್ 1ರಂದು ಆಡ್ವಾದಲ್ಲಿ ಚಕ್ರವರ್ತಿ ಎರಡನೇ ಮೆನೆಲಿಕ್‌ನ ಸೈನ್ಯ ಇಟಲಿಯನ್ನು ಸೋಲಿಸಿತು. ಅದನ್ನು ಹೇಳುವಾಗ ಅವನು ಎದ್ದು ನಿಲ್ಲುತ್ತಿದ್ದ. “ನಮ್ಮನ್ನು ಯಾರೂ ಆಳಲಿಲ್ಲ.” ಹಾಗಾದರೆ 1936ರಿಂದ 41ರವರೆಗೆ ಅಡಿಸ್ ಅಬಾಬಾದಲ್ಲಿ ಕೂತಿದ್ದ ಇಟಲಿಯವರು ಯಾರು ಅಂತ ನಾನು ಕೆಣಕುತ್ತಿದ್ದೆ. ಅದು ಆಕ್ರಮಣ, ವಸಾಹತು ಅಲ್ಲ, ನಾವು ಕಾಡುಗುಡ್ಡದಲ್ಲಿ ಐದು ವರ್ಷ ಹೋರಾಡಿದೆವು ಎಂದು ಅವನು. ಅವನ ಮಾತಿನಲ್ಲಿ ಹುರುಳಿದೆ ಅಂತ ನನಗೆ ಈಗಲೂ ಅನ್ನಿಸುತ್ತದೆ, ಆದರೆ ಆಗ ಬಿಟ್ಟುಕೊಡಲಿಲ್ಲ.

ಆ ವಾದ ಗೆಲ್ಲಲು ಪುಸ್ತಕ ಹುಡುಕುವಾಗಲೇ ಕೆರೆನ್ ಯುದ್ಧದ ವಿಷಯ ಸಿಕ್ಕಿದ್ದು. ಈಗಿನ ಎರಿಟ್ರಿಯಾದ ಆ ಬೆಟ್ಟಗಳಲ್ಲಿ 1941ರಲ್ಲಿ ಇಟಲಿಯ ಸೈನ್ಯವನ್ನು ಮುರಿದವರಲ್ಲಿ ಬ್ರಿಟಿಷರ ಕೈಕೆಳಗಿನ 4ನೇ ಮತ್ತು 5ನೇ ಇಂಡಿಯನ್ ಡಿವಿಷನ್‌ಗಳಿದ್ದವು. ಅದೇ ವರ್ಷ ಮೇ 5ಕ್ಕೆ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ರಾಜಧಾನಿ ಅಡಿಸ್ ಅಬಾಬಾಕ್ಕೆ ವಾಪಸ್ ಬಂದರು. ತಮಗೇ ಸ್ವಾತಂತ್ರ್ಯ ಇಲ್ಲದವರು ಹೋಗಿ ಇನ್ನೊಬ್ಬರ ದೇಶ ಬಿಡಿಸಲು ಸತ್ತಿದ್ದರು. ಓದಿ ಇಬ್ಬರೂ ಸ್ವಲ್ಪ ಹೊತ್ತು ಸುಮ್ನೆ ಕೂತೆವು. ಆಮೇಲೆ ಅವನು, ಅವರಪ್ಪನಿಗೆ ಲೆಕ್ಕ ಕಲಿಸಿದ್ದೇ ಇಂಡಿಯಾದ ಮೇಷ್ಟ್ರು ಎಂದ. ಹೈಲೆ ಸೆಲಾಸಿ ಕಾಲದಲ್ಲಿ ಅಲ್ಲಿನ ಶಾಲೆಗಳಿಗೆ ನಮ್ಮ ಮೇಷ್ಟ್ರುಗಳು ಜಾಸ್ತಿ ಸಂಖ್ಯೆಯಲ್ಲಿ ಹೋಗಿದ್ದರಂತೆ. “ಹೊಡೀತಿದ್ರಾ?” ಅಂತ ಕೇಳಿದೆ. “ತುಂಬಾ” ಅಂದ.

ಕೊನೆಯ ವರ್ಷ ಡಿಪಾರ್ಟ್‌ಮೆಂಟಿನಿಂದ ವಿಜಯಪುರಕ್ಕೆ ಟೂರ್ ಹೋದೆವು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ಸುಲ್ತಾನರ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ ಬಗ್ಗೆ ಅವನು ಆಗಲೇ ಓದಿಕೊಂಡಿದ್ದ. ಗೋಳಗುಮ್ಮಟದಲ್ಲಿ ಗೈಡ್ ಪಿಸುಮಾತಿನ ಆಟವೆಲ್ಲ ತೋರಿಸಿ ಮುಗಿಸಿದ ಮೇಲೆ, ಇವನು ಮುಂದೆ ಬಂದು, ಇಲ್ಲಿ ಮಲಗಿರುವ ಮೊಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನ್ ನಮ್ಮ ಕಡೆಯವನು ಎಂದ. ನಾನು ಕನ್ನಡದಲ್ಲಿ ಹೇಳಿದೆ. ಗೈಡ್ ನಂಬಲಿಲ್ಲ. ಇವನು ಮೊಬೈಲಿನಲ್ಲಿ ಆ ಕಾಲದ ಒಂದು ಚಿತ್ರ ತೆಗೆದ. ಆನೆ ಮೇಲೆ ಸುಲ್ತಾನ, ಅವನ ಬೆನ್ನ ಹಿಂದೆ ಕಪ್ಪು ಮೈಬಣ್ಣದ ಇಖ್ಲಾಸ್ ಖಾನ್. ಗೈಡ್ ಚಿತ್ರವನ್ನು ದೊಡ್ಡದು ಮಾಡಿ ನೋಡಿದ, ಇವನ ಮುಖ ನೋಡಿದ, ಮತ್ತೆ ಚಿತ್ರ ನೋಡಿದ. ಆಮೇಲೆ ತನ್ನ ನಂಬರ್ ಕೊಟ್ಟು, “ಇದನ್ನ ನನಗೆ ವಾಟ್ಸಾಪ್ ಮಾಡ್ರಿ, ನಾಳೆ ಬರೋ ಪಾರ್ಟಿಗೆ ತೋರಸ್ತೀನಿ” ಅಂದ.