ಎದೆನೋವು ಎನ್ನದ ಹೆಂಗಸಿಗೂ ಹತ್ತು ನಿಮಿಷದೊಳಗೆ ಇಸಿಜಿ

ತುರ್ತು ವಿಭಾಗದಲ್ಲಿ 'ಎದೆನೋವು ಇದೆಯಾ?' ಎಂದು ಕೇಳಿ, 'ಇಲ್ಲ' ಎಂದ ಕೂಡಲೇ ಗ್ಯಾಸ್ಟ್ರಿಕ್ ಎಂದು ಬರೆದುಬಿಡಬೇಡಿ. ಹೃದಯಾಘಾತವಾದ ಹೆಂಗಸರಲ್ಲೂ ಹೆಚ್ಚಿನವರಿಗೆ ತೊಂದರೆ ಎದೆಯಲ್ಲೇ ಇರುತ್ತದೆ. ಆದರೆ ಎಷ್ಟೋ ಜನ ಅದನ್ನು ನೋವು ಎನ್ನುವುದಿಲ್ಲ. ಭಾರ, ಬಿಗಿತ, ಉರಿ ಎನ್ನುತ್ತಾರೆ. ಜೊತೆಗೆ ವಾಕರಿಕೆ, ಉಬ್ಬಸ, ದವಡೆ ಅಥವಾ ಬೆನ್ನಿನ ಸೆಳೆತ, ಕಾರಣವಿಲ್ಲದ ಸುಸ್ತು ಗಂಡಸರಿಗಿಂತ ಹೆಚ್ಚು. 'ಎದೆಯಲ್ಲಿ ಏನನಿಸುತ್ತಿದೆ?' ಎಂದು ಕೇಳಿ ನೋಡಿ, ಉತ್ತರವೇ ಬೇರೆ ಬರುತ್ತದೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಿರಬೇಕು.

ಎಡವುವುದು ಅಲ್ಲೇ. ಸಂಕೋಚಕ್ಕೆ ಬಟ್ಟೆ ಪೂರ್ತಿ ಸರಿಸದೆ, ಕೈಗೆ ಸಿಕ್ಕ ಕಡೆ ಎಲೆಕ್ಟ್ರೋಡ್ ಅಂಟಿಸುತ್ತಾರೆ. ಎದೆಮೂಳೆಯ ಬಲಕ್ಕೆ, ಎಡಕ್ಕೆ ಅಂಟಿಸುವ ವಿ1, ವಿ2 ಎಲೆಕ್ಟ್ರೋಡ್‌ಗಳು ಒಂದೆರಡು ಪಕ್ಕೆಲುಬು ಮೇಲೆ ಹೋದರೆ ಇಸಿಜಿ ಗೆರೆಯ ಮೇಲ್ಮುಖದ ಮೊನೆ, ಅಂದರೆ ಆರ್ ಅಲೆ, ಕುಗ್ಗಿ, ಇಲ್ಲದ ಹಳೆಯ ಹೃದಯಾಘಾತ ಕಾಗದದ ಮೇಲೆ ಕಾಣಿಸುತ್ತದೆ. ಎದೆಮೂಳೆಯ ಮೇಲ್ಭಾಗದ ಉಬ್ಬನ್ನು ಬೆರಳಲ್ಲಿ ಹುಡುಕಿ. ಅದರ ಪಕ್ಕದ್ದು ಎರಡನೇ ಪಕ್ಕೆಲುಬು. ಪಕ್ಕೆಲುಬುಗಳ ನಡುವಿನ ಸಂದುಗಳಲ್ಲಿ ಅದರ ಕೆಳಗಿನದು ಎರಡನೆಯದು. ಅಲ್ಲಿಂದ ಇನ್ನೆರಡು ಸಂದು ಇಳಿದರೆ ವಿ1, ವಿ2 ಜಾಗ. ವಿ4 ಐದನೇ ಸಂದಿನಲ್ಲಿ, ಕೊರಳೆಲುಬಿನ ನಡುವಿನಿಂದ ನೇರ ಕೆಳಕ್ಕೆ. ಸ್ತನವನ್ನು ಕೈಯ ಹಿಂಭಾಗದಿಂದ ಮೆಲ್ಲಗೆ ಎತ್ತಿ, ಅದರ ಅಡಿಯಲ್ಲಿ ಅಂಟಿಸಿ. ಪರದೆ ಎಳೆದು, ಏನು ಮಾಡುತ್ತಿದ್ದೀರಿ ಎಂದು ಮೊದಲೇ ಹೇಳಿದರೆ ಯಾರೂ ಬೇಡ ಎನ್ನುವುದಿಲ್ಲ.

ಓದುವಾಗಲೂ ಅಳತೆ ಬೇರೆ. ವಿ2, ವಿ3ರಲ್ಲಿ ಎಸ್‌ಟಿ ಏರಿಕೆ (ಹೃದಯಾಘಾತದಲ್ಲಿ ಇಸಿಜಿ ಗೆರೆಯ ಒಂದು ಭಾಗ ಮೇಲೇರುವುದು) ಎನ್ನಲು 40 ದಾಟಿದ ಗಂಡಸರಿಗೆ 2 ಮಿ.ಮೀ. ಬೇಕು, ಹೆಂಗಸರಿಗೆ 1.5 ಸಾಕು. ಮೊದಲ ಇಸಿಜಿ ಸರಿಯಿದ್ದೂ ಲಕ್ಷಣ ಮುಂದುವರಿದರೆ 15ರಿಂದ 30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಿರಿ. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೊನಿನ್‌ನ ಮಿತಿಯೂ ಹೆಂಗಸರಿಗೆ ಕಡಿಮೆ. ತೀರಾ ಕಡಿಮೆ ಪ್ರಮಾಣವನ್ನೂ ಹಿಡಿಯುವ ಒಂದು ಹೈ-ಸೆನ್ಸಿಟಿವಿಟಿ ಟ್ರೋಪೊನಿನ್-ಐ ಕಿಟ್‌ನಲ್ಲಿ ಗಂಡಸರಿಗೆ 34, ಹೆಂಗಸರಿಗೆ 16 ನ್ಯಾನೊಗ್ರಾಂ/ಲೀಟರ್. ನಿಮ್ಮ ಲ್ಯಾಬ್ ವರದಿಯಲ್ಲಿ ಇಬ್ಬರಿಗೂ ಒಂದೇ ಮಿತಿ ಅಚ್ಚಾಗಿದ್ದರೆ ಕೇಳಿ ತಿಳಿದುಕೊಳ್ಳಿ.

ಹೃದಯಕ್ಕೆ ಅಪಾಯ ತರುವ ಅಂಶಗಳಲ್ಲಿ ಸಕ್ಕರೆ, ಬಿಪಿ, ಸಿಗರೇಟು ಎಲ್ಲರೂ ಕೇಳುತ್ತಾರೆ. ಗರ್ಭಿಣಿಯಾಗಿದ್ದಾಗ ಬಿಪಿ ಅಥವಾ ಸಕ್ಕರೆ ಏರಿತ್ತೇ, 40ಕ್ಕೆ ಮುಂಚೆ ಮುಟ್ಟು ನಿಂತಿತೇ ಎಂಬುದು ಬಿಟ್ಟುಹೋಗುತ್ತದೆ. ಕೇಸ್ ಶೀಟಿನಲ್ಲಿ ಅದಕ್ಕೊಂದು ಗೆರೆ ಇರಲೇಬೇಕು.

ಆಂಜಿಯೋಗ್ರಾಂ ಸರಿಯಿದೆ ಎಂದರೆ 'ಬರೀ ಟೆನ್ಷನ್' ಎಂದು ಕಳಿಸುವುದು ನಮ್ಮ ಕೆಟ್ಟ ಅಭ್ಯಾಸ. ದೊಡ್ಡ ನಾಳದಲ್ಲಿ ಅರ್ಧದಷ್ಟೂ ಅಡ್ಡಿಯಿಲ್ಲದೆ ಹೃದಯಾಘಾತವಾಗುವುದು ಹೆಂಗಸರಲ್ಲೇ ಹೆಚ್ಚು. ನಾಳ ಸೆಟೆದುಕೊಂಡಿರಬಹುದು, ಸಣ್ಣ ನಾಳಗಳು ಕೈಕೊಟ್ಟಿರಬಹುದು. ಕಿರಿಯ ಹೆಂಗಸು, ಅದರಲ್ಲೂ ಬಾಣಂತಿ ಆಗಿದ್ದರೆ, ನಾಳದ ಗೋಡೆ ತಾನಾಗಿ ಸೀಳಿರುವ ಸಾಧ್ಯತೆ ನೆನಪಿರಲಿ. ರಕ್ತ ಹರಿಯುತ್ತಿದ್ದು ರೋಗಿ ಸ್ಥಿರವಾಗಿದ್ದರೆ ಅಂಥ ಸೀಳನ್ನು ಸಾಮಾನ್ಯವಾಗಿ ತಾನೇ ಮಾಯಲು ಬಿಡುತ್ತಾರೆ. ಬಲೂನು, ಸ್ಟೆಂಟ್ ಹಾಕಲು ಹೋದರೆ ಸೀಳು ಉದ್ದವಾಗಬಹುದು. ಟ್ರೋಪೊನಿನ್ ಏರಿದ್ದಕ್ಕೆ ಕಾರಣ ಸಿಗದಿದ್ದರೆ, ಡಿಸ್ಚಾರ್ಜ್ ಬರೆಯುವ ಮುಂಚೆ ಹೃದಯದ ಎಂಆರ್‌ಐ ಕೇಳಿ.